ಅತ್ತಿ ಉಳಿತಾರೇನ್ರಿ? ತುರ್ತು ಕರುಳಿನ ಆಪರೇಶನ್‌ಗೆ ನಾನು ಬಳಸಿ ನೋಡಿದ ಸ್ಕೋರ್‌ಗಳು

ರಾತ್ರಿ ಎರಡು ಗಂಟೆಗೆ ಇಂಡಿ ಕಡೆಯಿಂದ ಒಬ್ಬ ಅಜ್ಜಿಯನ್ನು ಕರೆತಂದರು. ವಯಸ್ಸು 68. ಮೂರು ದಿನದಿಂದ ಹೊಟ್ಟೆನೋವು. ಮುಟ್ಟಿದರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಕರುಳು ತೂತಾಗಿದೆ, ಈಗಲೇ ಆಪರೇಶನ್ ಆಗಬೇಕು ಎಂದೆ. ಸೊಸೆ ಕೇಳಿದ್ದು ಒಂದೇ ಮಾತು: “ಅತ್ತಿ ಉಳಿತಾರೇನ್ರಿ ಡಾಕ್ಟ್ರ?”

ವಿಜಯಪುರದಲ್ಲಿ ಸರ್ಜನ್ ಆಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಹುಡುಕಲು, ರೋಗಿಯ ಅಪಾಯವನ್ನು ಅಂಕಿಯಲ್ಲಿ ಅಂದಾಜಿಸುವ ಕೆಲವು ಸ್ಕೋರ್‌ಗಳನ್ನು ಬಳಸಿ ನೋಡಿದ್ದೇನೆ.

ಎಎಸ್‌ಎ ಗ್ರೇಡ್ ಎಲ್ಲಕ್ಕಿಂತ ಸುಲಭ. ರೋಗಿಯ ಒಟ್ಟು ಸ್ಥಿತಿ ನೋಡಿ ಡಾಕ್ಟರ್ ಒಂದು ಅಂಕಿ ಕೊಡುವುದು, ಅಂಕಿ ಏರಿದಷ್ಟೂ ಸ್ಥಿತಿ ಕೆಟ್ಟದು. ಅರ್ಧ ನಿಮಿಷ ಸಾಕು. ಆದರೆ ನಾನು 3 ಎಂದ ರೋಗಿಗೆ ಅರಿವಳಿಕೆ ಡಾಕ್ಟರ್ 4 ಎನ್ನುತ್ತಾರೆ. ಅದೊಂದನ್ನೇ ನಂಬಿ ಮನೆಯವರ ಹತ್ತಿರ ಮಾತಾಡಲು ಆಗುವುದಿಲ್ಲ.

ಪಿ-ಪಾಸಮ್ ಎಂಬುದು ಆಪರೇಶನ್‌ನ ಅಪಾಯ ಅಳೆಯುವ 1991ರ ಪಾಸಮ್ ಸ್ಕೋರನ್ನು 1998ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ತಿದ್ದಿದ್ದು. ನಾಡಿ, ಬಿ.ಪಿ., ಹಿಮೋಗ್ಲೋಬಿನ್, ಯೂರಿಯಾ ಸೇರಿ ದೇಹದ 12 ವಿವರ, ಆಪರೇಶನ್‌ನ 6 ವಿವರ ತುಂಬಿದರೆ ಸಾವಿನ ಸಂಭವವನ್ನು ನೇರ ಶೇಕಡಾದಲ್ಲಿ ಕೊಡುತ್ತದೆ. ಐಸಿಯು ಬೆಡ್ ಮೊದಲೇ ಹಿಡಿದಿಡಲು ಇದು ನಿಜಕ್ಕೂ ಉಪಯೋಗ. ಬ್ರಿಟನ್ನಿನಲ್ಲಿ ಅಂದಾಜು ಸಾವಿನ ಸಂಭವ ಶೇ 5 ದಾಟಿದರೆ ಅಂಥ ರೋಗಿಯ ಆಪರೇಶನ್‌ಗೆ ಹಿರಿಯ ಸರ್ಜನ್, ಹಿರಿಯ ಅರಿವಳಿಕೆ ಡಾಕ್ಟರ್ ಇಬ್ಬರೂ ಇರಬೇಕು ಎನ್ನುತ್ತಾರೆ. ತೊಡಕು ಏನೆಂದರೆ, ರಕ್ತ ಎಷ್ಟು ಹೋಗುತ್ತದೆ, ಒಳಗೆ ಕೀವಿದೆಯೋ ಮಲ ಇದೆಯೋ ಎಂಬುದನ್ನು ಊಹಿಸಿಯೇ ತುಂಬಬೇಕು. ನನ್ನ ಊಹೆ ಒಂದು, ಜೂನಿಯರ್ ಊಹೆ ಇನ್ನೊಂದು. ಅಪಾಯ ತೀರ ಹೆಚ್ಚಿರುವ ರೋಗಿಗಳಲ್ಲಿ ಅದನ್ನು ಇದ್ದದ್ದಕ್ಕಿಂತ ಜಾಸ್ತಿ ತೋರಿಸುವ ದೋಷವೂ ಇದಕ್ಕಿದೆ.

ಹೊಟ್ಟೆಯೊಳಗೆ ಸೋಂಕು ಹರಡಿದಾಗ ಹಾಕುವ ಜರ್ಮನಿಯ ಮಾನ್‌ಹೈಮ್ ಇಂಡೆಕ್ಸ್ ನಮ್ಮ ಕಡೆಗೆ ಹೆಚ್ಚು ಹೊಂದುತ್ತದೆ. ರಕ್ತದ ರಿಪೋರ್ಟ್‌ಗಳ ಉದ್ದ ಪಟ್ಟಿ ಬೇಡ. ಕಾಯಿಲೆ ಶುರುವಾಗಿ 24 ಗಂಟೆ ದಾಟಿತೇ ಎಂದು ಕೇಳುತ್ತದೆ. ಹಳ್ಳಿಯಿಂದ ಬರುವವರು ಸೋಡಾ ಕುಡಿದು, ಊರಲ್ಲೇ ಇಂಜೆಕ್ಷನ್ ಹಾಕಿಸಿಕೊಂಡು ಎರಡು ದಿನ ಕಳೆದಿರುತ್ತಾರೆ, ಅಲ್ವಾ? ಆದರೆ ಹೊಟ್ಟೆ ತೆರೆಯದೆ ಈ ಲೆಕ್ಕ ಪೂರ್ತಿಯಾಗದು. ಹೊಟ್ಟೆ ತೆರೆದ ಮೇಲೆ ಆ ಅಜ್ಜಿಯದು ಹೀಗಿತ್ತು: 50 ದಾಟಿದ್ದಕ್ಕೆ 5, ಹೆಣ್ಣು ಎಂದು 5, ತಡಕ್ಕೆ 4, ತೂತು ದೊಡ್ಡ ಕರುಳಿನದಲ್ಲ ಎಂದು 4, ಸೋಂಕು ಹೊಟ್ಟೆಯೆಲ್ಲ ಹರಡಿದ್ದಕ್ಕೆ 6, ಕೀವಿಗೆ 6. ಒಟ್ಟು 30. ಸಾಮಾನ್ಯವಾಗಿ 26 ದಾಟಿದರೆ ಅಪಾಯ ಹೆಚ್ಚು ಎಂದು ನೋಡುತ್ತೇವೆ. ಅದೇ ಹೊಟ್ಟೆ ಗಂಡಸಿನದಾಗಿದ್ದರೆ 25! ಆ ಐದು ಅಂಕ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಕೊನೆಯದು ರಾಕ್‌ವುಡ್ ಫ್ರೇಲ್ಟಿ ಸ್ಕೇಲ್, ಅಂದರೆ ದೇಹ ಎಷ್ಟು ನಿತ್ರಾಣ ಎಂಬ ಅಳತೆ. 1ರಿಂದ 9, ಅಂಕಿ ಏರಿದಷ್ಟೂ ನಿತ್ರಾಣ ಹೆಚ್ಚು. ಕಾಯಿಲೆ ಬೀಳುವ ಎರಡು ವಾರ ಮೊದಲು ಮನುಷ್ಯ ಹೇಗಿದ್ದ ಎಂದು ನೋಡುತ್ತದೆ. ಆಪರೇಶನ್‌ಗೆ ಮೊದಲು ಸೊಸೆಯನ್ನು ಅದನ್ನೇ ಕೇಳಿದ್ದೆ. “ಹೋದ ಸೋಮವಾರದ ಮಟಾ ಹೊಲಕ್ಕ ಬುತ್ತಿ ಒಯ್ತಿದ್ರರೀ” ಎಂದಳು. ಮಾತಾಡುತ್ತ ಅತ್ತೆಯ ಕಾಲು ಒತ್ತುತ್ತಿದ್ದಳು. ಹಿಮ್ಮಡಿ ಒಡೆದಿತ್ತು, ಅದರೊಳಗೆ ಕಪ್ಪು ಮಣ್ಣು ಇನ್ನೂ ಇತ್ತು. ಅಪಾಯ ದೊಡ್ಡದು, ಆದರೆ ಗಟ್ಟಿ ಜೀವ, ಮಾಡೋಣ ಎಂದೆ. ಅಜ್ಜಿ ಉಳಿದರು.

ಮುಂದೆ ಇನ್ನೊಬ್ಬರು ಬಂದರು. ಮಾನ್‌ಹೈಮ್ 26ಕ್ಕಿಂತ ಕೆಳಗೇ ಇತ್ತು. ಆರು ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅವರನ್ನು ಉಳಿಸಲಾಗಲಿಲ್ಲ.

ಈಗ ಆಪರೇಶನ್‌ಗೆ ಮೊದಲು ಪಿ-ಪಾಸಮ್ ಮತ್ತು ಫ್ರೇಲ್ಟಿ ಎರಡನ್ನೂ ಹಾಕುತ್ತೇನೆ. ಹೊಟ್ಟೆ ಮುಚ್ಚಿದ ಮೇಲೆ ಮಾನ್‌ಹೈಮ್ ಹಾಕಿ, ಹೊರಗೆ ಕಾಯುತ್ತಿರುವವರ ಹತ್ತಿರ ಎರಡನೇ ಸಲ ಹೋಗಿ ಮಾತಾಡುತ್ತೇನೆ.