ಕರೆಂಟಿಲ್ಲದ ನಾಪೋಕ್ಲಿನಲ್ಲಿ ಫೋನ್, ಸ್ವಿಚ್ ಲೈಟ್, ಸ್ಟೀಮ್ ಡೆಕ್

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಐದು ದಿನ ಕರೆಂಟ್ ಇರಲಿಲ್ಲ. ಮೊದಲ ದಿನ ನಾಲ್ಕು ಇಂಚು ಮಳೆ, ಎರಡನೇ ದಿನ ಐದೂ ಕಾಲು. ಎಲ್ಲೋ ಸಿಲ್ವರ್ ಮರ ಲೈನ್ ಮೇಲೆ ಬಿದ್ದಿದೆ ಅಂತ ಸುದ್ದಿ ಬಂತು. ಆಮೇಲೆ ಸುದ್ದಿ ತರುವ ಟವರೂ ಮಲಗಿತು. ಕೊಡಗಿನ ನಾಪೋಕ್ಲು ಕಡೆಯವರಿಗೆ ಇದೆಲ್ಲ ಮಾಮೂಲಿ. ಆ ವಾರ ಮಾಮೂಲಿ ಅಲ್ಲದ್ದು ಒಂದೇ, ನಮ್ಮ ಊಟದ ಮೇಜಿನ ಮೇಲೆ ಆಟದ ಸಾಮಾನು ಮೂರು ಬಗೆ ಇತ್ತು.

ಒಂದು ನನ್ನ ಫೋನ್. ಇಪ್ಪತ್ತು ಸಾವಿರದ ಆಸುಪಾಸಿನದು, 5,000 ಎಂಎಎಚ್ ಬ್ಯಾಟರಿ. ಇನ್ನೊಂದು ದುಬೈನಿಂದ ಬಂದ ಅಣ್ಣ ತಂದುಕೊಟ್ಟ ನಿಂಟೆಂಡೊ ಸ್ವಿಚ್ ಲೈಟ್, ಕೈಯಲ್ಲೇ ಹಿಡಿದು ಆಡುವ ಆಟದ ಯಂತ್ರ. 2019ರ ಮಾಡೆಲ್, ಐದೂವರೆ ಇಂಚಿನ ಪರದೆ, ಟಿವಿಗೆ ಹಾಕೋಕೆ ಬರಲ್ಲ. ಟಿವಿಗೇ ಕರೆಂಟ್ ಇಲ್ಲದ ಮನೆಯಲ್ಲಿ ಅದೊಂದು ಕೊರತೆಯೇ ಅಲ್ಲ. ಮೂರನೆಯದು ಸ್ಟೀಮ್ ಡೆಕ್, ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರ. ಮಳೆ ನೋಡೋಕೆ ಬೆಂಗಳೂರಿನಿಂದ ಬಂದ ಗೆಳೆಯ, ಎರಡು ವಾರ ಇಟ್ಕೋ ಅಂತ ಬಿಟ್ಟುಹೋಗಿದ್ದ.

ಹೋಲಿಸಬೇಕಾದರೆ ಮೂರರಲ್ಲೂ ಒಂದೇ ಆಟ ಇರಬೇಕು ಅಲ್ವಾ? ಸ್ಟಾರ್‌ಡ್ಯೂ ವ್ಯಾಲಿ ಹಾಕಿದೆ. ಎರಿಕ್ ಬರೋನ್ ಎಂಬಾತ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. ಆಮೇಲೆ ಸ್ವಿಚ್‌ಗೂ ಬಂತು, ಫೋನಿಗೂ ಬಂತು. ದಿನವಿಡೀ ತೋಟ ಸುತ್ತಿ ಬಂದು ಮತ್ತೆ ತೋಟದ ಆಟವಾ ಅಂತ ಅಕ್ಕ ನಗುತ್ತಾಳೆ. ನಗಲಿ. ಅದರಲ್ಲಿ ಕಾಫಿ ಬೀಜ ಬಿತ್ತಿದರೆ ಹತ್ತೇ ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಇಲ್ಲಿ ಗಿಡ ನೆಟ್ಟು ಮೂರು-ನಾಲ್ಕು ವರ್ಷ ಕಾಯಬೇಕು, ಅದರ ಮೇಲೆ ಹೂಮಳೆ ಸಮಯಕ್ಕೆ ಬೀಳಬೇಕು. ಆಟದಲ್ಲಿ ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಹುಳ ಇಲ್ಲ, ಆನೆ ಇಲ್ಲ, ಆಳು ಹುಡುಕುವ ತಲೆನೋವಿಲ್ಲ. ಕಾಟ ಅಂದರೆ ಕಾಗೆ ಮಾತ್ರ.

ಮೊದಲು ಕೈಯ ವಿಷಯ. ಆ ಆಟದಲ್ಲಿ ಮೀನು ಹಿಡಿಯುವಾಗ ಪಕ್ಕದಲ್ಲಿ ಒಂದು ಉದ್ದ ಪಟ್ಟಿ ಬರುತ್ತದೆ. ಒತ್ತಿ ಹಿಡಿದರೆ ಅದರೊಳಗಿನ ಹಸಿರು ತುಂಡು ಮೇಲೇರುತ್ತದೆ, ಬಿಟ್ಟರೆ ಕೆಳಗೆ ಜಾರುತ್ತದೆ. ಮೀನು ಆ ಹಸಿರಿನೊಳಗೇ ಇರುವಂತೆ ನೋಡಿಕೊಳ್ಳಬೇಕು. ಬಟನ್ ಇದ್ದರೆ ಬೆರಳಿಗೆ ಒಂದು ಆಳ ಸಿಗುತ್ತದೆ. ಎಲ್ಲಿ ಒತ್ತಿದೆ, ಎಲ್ಲಿ ಬಿಟ್ಟೆ ಅಂತ ನೋಡದೆಯೇ ಗೊತ್ತಾಗುತ್ತದೆ. ಗಾಜಿನ ಮೇಲೆ ಆ ಸುಳಿವು ಇಲ್ಲ. ಸ್ವಿಚ್ ಲೈಟ್‌ನಲ್ಲಿ ಹತ್ತಕ್ಕೆ ಏಳು ಮೀನು ಹಿಡಿದವನು ಫೋನಿನಲ್ಲಿ ಮೂರಕ್ಕೆ ಇಳಿದೆ.

ಅದರ ಮೇಲೆ ಒದ್ದೆ ಕೈ. ಮಳೆಗಾಲದಲ್ಲಿ ಇಲ್ಲಿ ಒಣಗಿದ ಟವೆಲ್ ಅಂತ ಒಂದೂ ಇರಲ್ಲ. ಪರದೆಯ ಮೇಲಿನ ಸಣ್ಣ ವಿದ್ಯುತ್ತನ್ನು ಬೆರಳು ಕದಡಿದಾಗ ಮುಟ್ಟಿದ್ದು ಫೋನಿಗೆ ತಿಳಿಯುತ್ತದೆ. ನೀರಿನ ಹನಿಯೂ ಅದೇ ಕೆಲಸ ಮಾಡುತ್ತದೆ. ಜಗಲಿಯಲ್ಲಿ ಕೂತಿದ್ದೆ, ಗಾಳಿಗೆ ಎರಚಲು ಹೊಡೆದು ಎರಡು ಹನಿ ಪರದೆ ಮೇಲೆ ಬಿತ್ತು. ನನ್ನ ರೈತ ತನ್ನಷ್ಟಕ್ಕೆ ತಿರುಗಿ ಹೊರಟೇಹೋದ. ಬಟನ್‌ಗೆ ಈ ಗೊಂದಲವಿಲ್ಲ. ಹಾಗಂತ ಫೋನ್ ಎಲ್ಲದರಲ್ಲೂ ಸೋತಿತು ಅನ್ನಲಾರೆ. ಪೆಟ್ಟಿಗೆಯಿಂದ ಸಾಮಾನು ಎಳೆದು ಜೋಡಿಸೋದು, ಇಂಥದ್ದೇ ಜಾಗಕ್ಕೆ ಬೀಜ ಹಾಕೋದು ಬೆರಳಲ್ಲಿ ಎಷ್ಟು ಸಲೀಸು! ಉಳಿದೆರಡರಲ್ಲಿ ಹೆಬ್ಬೆರಳಿನ ಸ್ಟಿಕ್ ತಿರುಗಿಸಿ ತಿರುಗಿಸಿ ಅಲ್ಲಿಗೆ ಹೋಗೋದು ರಗಳೆ.

ಎರಡನೇ ದಿನದ ಹೊತ್ತಿಗೆ ಇನ್ವರ್ಟರ್ ಕೈಕೊಟ್ಟಿತು. ಉಳಿದದ್ದು 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್. ತುಂಬುವಾಗ ಒಂದಿಷ್ಟು ಪೋಲಾಗುವುದರಿಂದ ಅಷ್ಟರಲ್ಲಿ ಫೋನ್ ಎರಡೂವರೆ ಸಲ ತುಂಬುತ್ತದೆ. ಲೈಟ್‌ನ ಬ್ಯಾಟರಿ 3,570 ಎಂಎಎಚ್ ಮಾತ್ರ, ಹಾಗಾಗಿ ಮೂರು ಸಲ ತುಂಬಿ ಇನ್ನೂ ಮಿಗುತ್ತದೆ. ಒಂದು ಚಾರ್ಜಿಗೆ ಆಟ ನೋಡಿಕೊಂಡು ಮೂರರಿಂದ ಏಳು ಗಂಟೆ ಅಂತ ಕಂಪನಿ ಹೇಳುತ್ತದೆ, ಈ ಹಗುರ ಆಟಕ್ಕೆ ನನಗೆ ಐದರ ಮೇಲೇ ಸಿಕ್ಕಿತು. ಸ್ಟೀಮ್ ಡೆಕ್‌ನ ಬ್ಯಾಟರಿ ಹಿಡಿಯೋದು ಲೈಟ್‌ನ ಮೂರರಷ್ಟು. ಪವರ್ ಬ್ಯಾಂಕ್ ಪೂರ್ತಿ ಸುರಿದರೂ ಒಂದು ಸಲ ತುಂಬಿ ಸ್ವಲ್ಪ ಉಳಿದೀತು ಅಷ್ಟೇ. ಅದಕ್ಕೆ 45 ವ್ಯಾಟ್ ಚಾರ್ಜರ್ ಬೇಕು. ನಮ್ಮ ಹಳೇ ಪವರ್ ಬ್ಯಾಂಕ್ ಕೊಡೋದು ಹತ್ತು ವ್ಯಾಟ್. ಸಿಕ್ಕಿಸಿಕೊಂಡು ದೊಡ್ಡ ಆಟ ಆಡಿದರೂ ಪರ್ಸೆಂಟೇಜ್ ಇಳಿಯುತ್ತಲೇ ಇತ್ತು.

ಡೆಕ್ ಬಗ್ಗೆ ಒಳ್ಳೆಯ ಮಾತೂ ಹೇಳಬೇಕು. ಅದು ಕೈಗೆ ಹಿಡಿಯೋ ಕಂಪ್ಯೂಟರ್. ಒಳಗೆ ಓಡೋದು ಲಿನಕ್ಸ್ ಆಧಾರದ ಸ್ಟೀಮ್ ಓಎಸ್. ಪಿಸಿಯ ದೊಡ್ಡ ದೊಡ್ಡ ಆಟಗಳನ್ನು ಹಾಸಿಗೆಯಲ್ಲಿ ಕಂಬಳಿ ಹೊದ್ದು ಆಡಿದೆ. ಫ್ಯಾನ್ ಸದ್ದು ಅಂತಾರೆ, ಶೀಟಿನ ಮೇಲೆ ಬೀಳೋ ಮಳೆಯಲ್ಲಿ ನನಗಂತೂ ಕೇಳಿಸಲಿಲ್ಲ. ಆದರೆ 669 ಗ್ರಾಂ. ಲೈಟ್ 275. ಮಲಗಿ ಆಡುವಾಗ ಡೆಕ್ ಒಮ್ಮೆ ಕೈಜಾರಿ ಮೂಗಿನ ಮೇಲೆ ಬಿತ್ತು, ತೂಕದ ಬಗ್ಗೆ ಇದಕ್ಕಿಂತ ಜಾಸ್ತಿ ವಿವರಿಸಲಾರೆ. ಇನ್ನೊಂದು ಎಚ್ಚರ: ಮಡಿಕೇರಿಯಲ್ಲಿ ವೈಫೈ ಹಿಡಿದು ಹೊಸ ಆಟ ಇಳಿಸಿಕೊಂಡು ಬಂದಿದ್ದೆ, ಅಲ್ಲೇ ಒಮ್ಮೆ ತೆರೆದು ನೋಡೋದು ಮರೆತಿದ್ದೆ. ಮನೆಯಲ್ಲಿ ನೆಟ್ ಇಲ್ಲದೆ ಅದು ಶುರುವಾಗಲೇ ಇಲ್ಲ. ತಪ್ಪು ನನ್ನದೇ. ಆಫ್‌ಲೈನ್ ಆಡುವ ಆಟವನ್ನು ನೆಟ್ ಇದ್ದಾಗಲೇ ಒಂದು ಸಲ ಚಾಲೂ ಮಾಡಿಟ್ಟಿರಬೇಕು.

ಲೈಟ್‌ಗೆ ಸಿಕ್ಕಿಸುವ ಆಟದ ಕಾರ್ಡಿಗೆ, ಅಂದರೆ ಕಾರ್ಟ್ರಿಜ್‌ಗೆ, ಈ ಕಿರಿಕಿರಿ ಇಲ್ಲ, ಸಿಕ್ಕಿಸಿದರೆ ಆಯ್ತು. ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದು ಅಂತ ನಿಂಟೆಂಡೊ ಅದಕ್ಕೆ ಕಹಿ ಬಳಿದಿರುತ್ತದೆ. ಗೊತ್ತಿದ್ದೂ ಸುಮ್ನೆ ನೆಕ್ಕಿ ನೋಡಿದೆ. ನಮ್ಮ ಕಡೆಯ ಹುಳಿ ಕಾಚಂಪುಳಿ ಚಪ್ಪರಿಸಿದರೂ ಅರ್ಧ ಗಂಟೆ ನಾಲಿಗೆ ಸರಿಹೋಗಲಿಲ್ಲ.

ಅಕ್ಕನ ಮಗನಿಗೆ ಇದ್ಯಾವುದೂ ಬೇಡ. ಅವನಿಗೆ ಬೇಕಾದ್ದು ಬಿಜಿಎಂಐ, ನೆಟ್‌ನಲ್ಲಿ ನೂರು ಜನ ಸೇರಿ ಗುಂಡು ಹಾರಿಸುವ ಫೋನ್ ಆಟ.

"ಮಾವ, ಒಬ್ನೇ ಕೂತು ಬದನೆಕಾಯಿ ಬೆಳೆಯೋದು ಒಂದು ಆಟನಾ?" ಅಂದ.

ಅವನ ಮಾತಿನಲ್ಲಿ ನ್ಯಾಯವಿದೆ. ವಿರಾಜಪೇಟೆಯ ಒಬ್ಬ, ಗೋಣಿಕೊಪ್ಪದ ಇಬ್ಬರು, ಇವನು ಸೇರಿ ನಾಲ್ವರ ತಂಡ. ಎದುರಿಗೆ ತೊಂಬತ್ತಾರು ಜನ. ಆ ಗಲಾಟೆ, ಆ ಬೈಗುಳ, ಗೆದ್ದಾಗಿನ ಕೂಗು ಫೋನಿಗೇ ಮೀಸಲು, ಯಾಕೆಂದರೆ ಎಲ್ಲರ ಕೈಯಲ್ಲಿ ಇರೋದು ಅದೇ. ಆಟಕ್ಕೆ ದುಡ್ಡೂ ಬೇಡ, ವೇಷಕ್ಕೆ, ಬಂದೂಕಿಗೆ ಬಣ್ಣ ಹಚ್ಚುವ ಆಸೆ ತಡೆದುಕೊಂಡರೆ. ಸ್ವಿಚ್ ತಗೊಂಡು ನಾಪೋಕ್ಲಿನಲ್ಲಿ ಜೊತೆಗಾರರನ್ನು ಎಲ್ಲಿ ಹುಡುಕಲಿ?

ಆದರೆ ಟವರ್ ಹೋದ ಮೇಲೆ ಆ ಆಟದಲ್ಲಿ ಉಳಿಯೋದು ಬರೀ ಐಕಾನ್. ಮೊದಲ ದಿನ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಒಂದು ಮ್ಯಾಚ್ ಆಡಿದ. ಪಿಂಗ್, ಅಂದರೆ ಸರ್ವರ್‌ಗೆ ಸುದ್ದಿ ಹೋಗಿ ಬರುವ ಹೊತ್ತು, ಮುನ್ನೂರು ಮಿಲಿಸೆಕೆಂಡ್ ದಾಟಿತ್ತು, ಗುಂಡು ಬಿದ್ದದ್ದು ತಿಳಿಯುವ ಮೊದಲೇ ಸತ್ತಿದ್ದ. ನೆಟ್ ಇದ್ದರೂ ಇಂಥ ಆಟಗಳಿಗೆ ಭರವಸೆಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರಲ್ಲಿ ಅದರ ಭಾರತದ ರೂಪವಾಗಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಆಪ್ ಸ್ಟೋರ್‌ಗಳಿಂದ ಮಾಯ, 2023ರ ಮೇ ತಿಂಗಳಲ್ಲಿ ವಾಪಸ್. ಅಣ್ಣ ಕೊಟ್ಟ ಕಾರ್ಟ್ರಿಜ್‌ ಡಬ್ಬದಲ್ಲಿ ಎಲ್ಲಿತ್ತೋ ಅಲ್ಲೇ ಇದೆ.

ಫೋನಿನ ದೊಡ್ಡ ತೊಂದರೆ ನನಗೆ ಗೊತ್ತಾಗಿದ್ದು ಮೂರನೇ ದಿನ. 12 ಪರ್ಸೆಂಟ್ ಉಳಿದಿತ್ತು. ಮೀನು ಹಿಡೀತಾ ಕೂತಿದ್ದೆ. ಟವರ್ ಹತ್ತು ನಿಮಿಷ ಎದ್ದಿತು, ತೋಟದ ಮೇಸ್ತ್ರಿ ಕರೆ ಬಂತು: ದಾರಿಗೆ ಮರ ಬಿದ್ದಿದೆ, ಗರಗಸ ತನ್ನಿ. ಮಾತು ಮುಗಿಯೋ ಮೊದಲೇ ಫೋನ್ ಸತ್ತಿತು. ಯಾವ ದಾರಿ ಅಂತ ಕೇಳಿರಲಿಲ್ಲ. ರೇನ್‌ಕೋಟ್ ಹಾಕಿಕೊಂಡು ಎರಡೂ ದಾರಿ ನಡೆದೆ, ಕಾಲಿಗೆ ಜಿಗಣೆ ಎಷ್ಟು ಹತ್ತಿದವು ಅಂತ ಎಣಿಸಲಿಲ್ಲ. ಅವತ್ತಿನಿಂದ ಮಳೆಗಾಲದಲ್ಲಿ ಫೋನ್ ಬ್ಯಾಟರಿ ಕರೆಗೆ ಮಾತ್ರ ಅಂತ ಮನೆಯಲ್ಲಿ ಕಾನೂನಾಯಿತು. ಲೈಟ್‌ನಲ್ಲಾದರೆ ಮೇಲಿನ ಬಟನ್ ಒತ್ತಿ ಎದ್ದು ಹೋಗಬಹುದು. ಸಂಜೆ ಬಂದು ಮತ್ತೆ ಒತ್ತಿದರೆ ಮೀನು ಗಾಳದಲ್ಲೇ ಇರುತ್ತದೆ.

ಹಾಗಾಗಿ ನನ್ನ ಆಯ್ಕೆ ಲೈಟ್. ಬೆಂಗಳೂರಿನಲ್ಲಿದ್ದರೆ ಡೆಕ್ ಅನ್ನುತ್ತಿದ್ದೆನೋ ಏನೋ. ಜೊತೆಗಾರರೇ ಮುಖ್ಯ ಅನ್ನುವವರಿಗೆ ಇರುವ ಫೋನೇ ಸಾಕು, ಬೇರೆ ದುಡ್ಡು ಸುರಿಯಬೇಡಿ.

ತಗೊಳ್ಳುವವರಿಗೆ ಎರಡು ಮಾತು. ನಿಂಟೆಂಡೊ ಭಾರತದಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರಿಲ್ಲ. ಇಲ್ಲಿ ಸಿಗೋದೆಲ್ಲ ಹೊರಗಿನಿಂದ ತಂದದ್ದು, ವಾರಂಟಿ ನಂಬಬೇಡಿ. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ ತೆರೆದು, ಸ್ಟಿಕ್ ತಿರುಗಿಸಿ ಬೆರಳು ತೆಗೆಯಿರಿ. ಗುರುತು ನಡುವೆ ನಿಲ್ಲದೆ ತಾನೇ ಸರಿಯುತ್ತಿದ್ದರೆ ಬಿಟ್ಟುಬಿಡಿ. ಲೈಟ್‌ನ ಸ್ಟಿಕ್ ಕಳಚಿ ಬೇರೆ ಹಾಕುವಂಥದ್ದಲ್ಲ, ಇಡೀ ಮೈ ಬಿಚ್ಚಬೇಕು, ಅದನ್ನು ಬಿಚ್ಚುವವರನ್ನು ಹುಡುಕಿಕೊಂಡು ಮೈಸೂರಿನ ಬಸ್ ಹತ್ತಬೇಕು.