ಮಡಚಿಟ್ಟ ಟ್ರೇಲರ್ ಟೆಂಟ್ ನೋಡಿ ದುಡ್ಡು ಎಣಿಸಬೇಡಿ

ಈಸ್ಟರ್ ಹತ್ತಿರ ಬರುತ್ತಿದ್ದಂತೆ ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೆಯ ಟ್ರೇಲರ್ ಟೆಂಟ್‌ಗಳ ಜಾಹೀರಾತು ಹೆಚ್ಚುತ್ತವೆ. "ಮೂರೇ ಸಲ ಬಳಸಿದ್ದು, ಗ್ಯಾರೇಜಿನಲ್ಲೇ ಇಟ್ಟಿದ್ದು, 600 ಪೌಂಡ್, ನಗದು." ನೋಡಲು ಹೋದ ದಿನ ತುಂತುರು ಮಳೆ. ಮನೆ ಮುಂದೆ ಜಾಗವೂ ಸಾಲದು. ಪೂರ್ತಿ ಬಿಚ್ಚಿ ತೋರಿಸಲು ಆಗುವುದಿಲ್ಲ, ಫೋಟೋ ಇದೆಯಲ್ಲ ಎನ್ನುತ್ತಾರೆ ಮಾರುವವರು. ಮುಚ್ಚಳ ಎತ್ತಿದರೆ ಮೇಲಿನ ಪದರ ಚೆನ್ನಾಗಿಯೇ ಕಾಣುತ್ತದೆ. ದುಡ್ಡು ಕೈ ಬದಲಾಯಿಸುತ್ತದೆ.

ಮೇ ಕೊನೆಯ ಹಾಫ್ ಟರ್ಮ್ ರಜೆಯಲ್ಲಿ, ಲೇಕ್ ಡಿಸ್ಟ್ರಿಕ್ಟ್‌ನ ಯಾವುದೋ ಸೈಟಿನಲ್ಲಿ, ಸಂಜೆ ಏಳಕ್ಕೆ, ಹಸಿದ ಮಕ್ಕಳು ಕಾರಿನಲ್ಲಿ ಕೂತಿರುವಾಗ ಅದನ್ನು ಮೊದಲ ಸಲ ಪೂರ್ತಿ ಬಿಚ್ಚುವುದು. ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಒಳಮಡಿಕೆಗಳಲ್ಲೆಲ್ಲ ಕಪ್ಪು ಬೂಷ್ಟು. ಕಂಬಗಳಲ್ಲಿ ಎರಡು ಇಲ್ಲವೇ ಇಲ್ಲ. ಬಿಗಿಯಾಗಿ ಎಳೆದರೆ ಛಾವಣಿಯ ಹೊಲಿಗೆಯ ಪಕ್ಕದಲ್ಲೇ ಬಟ್ಟೆ ಪರ್ ಎಂದು ಹರಿಯುತ್ತದೆ. ಈಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ ಎಂಬ ಮಾತು ನೆನಪಾಗುವುದು ಆಗಲೇ. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಬೇಸಿಗೆ ರಜೆಯ ಹೋಟೆಲ್ ದರ ನೋಡಿ ಇತ್ತ ತಿರುಗಿದವರಿದ್ದರೆ, ಈ ಕಥೆ ನಿಮ್ಮದಾಗದಿರಲಿ ಎಂದು ಇಷ್ಟು ಬರೆಯುವುದು.

ಟ್ರೇಲರ್ ಟೆಂಟ್ ಎಂದರೆ ಗಾಲಿಯ ಪೆಟ್ಟಿಗೆ, ಅದರೊಳಗೆ ಮಡಚಿಟ್ಟ ಹಾಸಿಗೆ ಮತ್ತು ಬಟ್ಟೆಯ ಮನೆ. ಬೆಲೆ ಇರುವುದು ಬಟ್ಟೆಗೆ. ಪೆಟ್ಟಿಗೆ, ಗಾಲಿ, ಬೇರಿಂಗ್ ಎಲ್ಲವೂ ರಿಪೇರಿಯಾಗುವ ವಸ್ತುಗಳು. ಕಾನ್ವೇ ಎಂಬ ಬ್ರ್ಯಾಂಡಿನಂಥ ಹಳೆಯ ಮಾದರಿಗಳಿಗೆ ಕ್ಯಾನ್ವಾಸ್ ಹೊಸದಾಗಿ ಹೊಲಿಸಲು ಹೋದರೆ ಇಡೀ ಟ್ರೇಲರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಬೀಳುವುದು ಮಾಮೂಲು. ಅದಕ್ಕೇ ಆನಿಂಗ್ (ಮುಂದೆ ಹೊಂದಿಸುವ ಬಟ್ಟೆಯ ಕೋಣೆ) ಸಮೇತ, ಗೂಟ ಹೊಡೆದು, ಪೂರ್ತಿ ನಿಲ್ಲಿಸಿ ತೋರಿಸದ ಟ್ರೇಲರನ್ನು ಬಿಟ್ಟು ಬನ್ನಿ. ಮಳೆ ಬಂದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಜಾಗವಿಲ್ಲದಿದ್ದರೆ ಹತ್ತಿರದ ಕ್ಯಾಂಪ್ ಸೈಟಿನಲ್ಲಿ ಒಂದು ದಿನದ ಬಾಡಿಗೆ ನಾವೇ ಕೊಡುತ್ತೇವೆ ಎನ್ನಿ. ಅದಕ್ಕೂ ಒಪ್ಪದಿದ್ದರೆ ಕಾರಣ ಮಡಿಕೆಯೊಳಗೇ ಇದೆ.

ಹತ್ತಿ ಕ್ಯಾನ್ವಾಸ್ ನೀರು ತಡೆಯುವುದು ನೂಲು ಊದಿಕೊಂಡು ನೇಯ್ಗೆಯ ಸಂದು ಮುಚ್ಚುವುದರಿಂದ ಮತ್ತು ಮೇಲಿನ ಲೇಪದಿಂದ. ಒದ್ದೆಯಾಗಿ ಮಡಚಿಟ್ಟರೆ ಬೆಚ್ಚಗಿನ ಹವೆಯಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬರೀ ಕಲೆಯಲ್ಲ, ನೂಲನ್ನೇ ತಿನ್ನುತ್ತದೆ. ಚದುರಿದ ನಾಲ್ಕು ಚುಕ್ಕೆ ಇದ್ದರೆ ಚೌಕಾಸಿ ಮಾಡಿ ತೆಗೆದುಕೊಳ್ಳಬಹುದು. ಅಂಗೈಯಗಲ ಕಪ್ಪಾಗಿದ್ದರೆ, ಅದೂ ಹೊಲಿಗೆಯ ಮೇಲಿದ್ದರೆ, ಬೇಡ. ಪರೀಕ್ಷೆ ಸುಲಭ: ಎರಡೂ ಹೆಬ್ಬೆರಳನ್ನು ಪಕ್ಕಪಕ್ಕ ಇಟ್ಟು ಬಟ್ಟೆ ಹಿಡಿದು ಗಟ್ಟಿಯಾಗಿ ಎಳೆಯಿರಿ. ಗಟ್ಟಿ ಕ್ಯಾನ್ವಾಸ್ ಜಗ್ಗುವುದಿಲ್ಲ, ಕೊಳೆತದ್ದು ಹಳೆಯ ಪಂಚೆಯಂತೆ ಬಿಡುತ್ತದೆ. ಮಾರುವವರಿಗೆ ಹೇಳಿ, ಅವರ ಎದುರಿಗೇ ಮಾಡಿ. ಎಳೆಯಬೇಕಾದದ್ದು ಗೋಡೆಯಲ್ಲಲ್ಲ, ಛಾವಣಿಯ ನೆತ್ತಿಯ ಬಳಿ. ಬಿಸಿಲು ಹೆಚ್ಚು ತಿನ್ನುವುದು ಅಲ್ಲೇ. ಹಗಲಲ್ಲಿ ಒಳಗೆ ನಿಂತು ಮೇಲೆ ನೋಡಿದರೆ ತೂತುಗಳು ನಕ್ಷತ್ರದಂತೆ ಮಿನುಗುತ್ತವೆ.

ಒಂದು ಕುತಂತ್ರವೂ ಇದೆ. ಬೂಷ್ಟಿನ ಕಲೆ ಹೋಗಲೆಂದು ಬ್ಲೀಚ್ ಹಾಕಿ ಉಜ್ಜಿರುತ್ತಾರೆ. ಬಟ್ಟೆ ಬೆಳ್ಳಗೆ ಕಾಣುತ್ತದೆ, ನೂಲಿನ ಬಲ ಹೋಗಿರುತ್ತದೆ, ನೀರು ತಡೆಯುವ ಲೇಪವೂ ಹೋಗಿರುತ್ತದೆ. ಮಿಕ್ಕೆಡೆ ಬಣ್ಣ ಮಾಸಿದ್ದು ಒಂದು ಭಾಗ ಮಾತ್ರ ತಿಳಿಯಾಗಿದ್ದರೆ ಅನುಮಾನಿಸಿ. ಫ್ಯಾಬ್‌ಸಿಲ್‌ನಂಥ ದ್ರವ ಹಚ್ಚಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅದು ಗಟ್ಟಿ ಬಟ್ಟೆಗೆ ನೀರು ತಡೆಯುವ ಗುಣ ಮರಳಿಸುತ್ತದೆ, ಕೊಳೆತ ಬಟ್ಟೆಗೆ ಜೀವ ಕೊಡುವುದಿಲ್ಲ.

ಬೂಷ್ಟಿನ ತಲೆನೋವೇ ಬೇಡ ಎನ್ನುವವರಿಗೆ ಡ್ಯಾಂಡಿ ಬ್ರ್ಯಾಂಡಿನಂಥ, ಪಿವಿಸಿ (ಪ್ಲಾಸ್ಟಿಕ್) ಬಟ್ಟೆಯ, ಮಡಚುವ ಫೋಲ್ಡಿಂಗ್ ಕ್ಯಾಂಪರ್‌ಗಳಿವೆ. ಪಿವಿಸಿ ಕೊಳೆಯದು. ಆದರೆ ಉಸಿರಾಡದು ಕೂಡ: ನಾಲ್ಕು ಜನ ಮಲಗಿದ ರಾತ್ರಿಯ ಉಸಿರೆಲ್ಲ ಬೆಳಿಗ್ಗೆ ಗೋಡೆಯ ಮೇಲೆ ಹನಿಯಾಗಿರುತ್ತದೆ.

ಕಂಬಗಳನ್ನು ಎಣಿಸುವುದು ಬೇಸರದ ಕೆಲಸವೆಂದು ಎಲ್ಲರೂ ಬಿಡುತ್ತಾರೆ. ಪೂರ್ತಿ ನಿಲ್ಲಿಸಿದರೆ ಎಣಿಸಬೇಕಾಗಿಯೇ ಇಲ್ಲ. ನಿಂತಿರುವಾಗಲೇ ಪ್ರತಿ ಕೀಲಿನ ಫೋಟೋ ತೆಗೆದುಕೊಂಡು ಬಣ್ಣದ ಟೇಪು ಸುತ್ತಿ. ಕೈಪಿಡಿ ಇಲ್ಲದ ಹಳೆಯ ಮಾದರಿಗಳಿಗೆ ನಾಳೆ ನಿಮ್ಮ ಕೈಪಿಡಿ ಅದೇ. ಜಿಪ್‌ಗಳನ್ನು ಒಂದೂ ಬಿಡದೆ ಎರಡು ಸಲ ಎಳೆದು ನೋಡಿ.

ಇನ್ನು ಕೆಳಭಾಗ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 3214 ಎಂದಿದ್ದರೆ 2014ರ 32ನೇ ವಾರ ತಯಾರಾದದ್ದು. ಟ್ರೇಲರ್ ಟೈರ್ ಸವೆಯುವುದು ಕಡಿಮೆ, ನಿಂತಲ್ಲೇ ಸೀಳುವುದು ಹೆಚ್ಚು. ಗೀರು ತುಂಬಿದ ಟೈರ್ ಮೋಟಾರುದಾರಿಯಲ್ಲಿ (ಮೋಟರ್‌ವೇ) ಸಿಡಿಯಬಹುದು. ಏಳು ವರ್ಷ ದಾಟಿದ್ದರೆ ಹೊಸ ಜೋಡಿಯ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿರಿ. ಜಾಕಿ ಹಾಕಿ ಗಾಲಿ ಎತ್ತಿ, ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಹೋಗಿದೆ. ಅದೇನೂ ದೊಡ್ಡ ಖರ್ಚಲ್ಲ. ಸಸ್ಪೆನ್ಷನ್ ಒಳಗಿನ ರಬ್ಬರ್ ಸತ್ತು ಒಂದು ಬದಿ ಗಾಲಿ ಮೇಲೇರಿ ನಿಂತಿದ್ದರೆ ಮಾತ್ರ ಖರ್ಚು ಬೇರೆಯದೇ. ಹಾಸಿಗೆ ಎತ್ತಿ ಪ್ಲೈವುಡ್ ಮೂಲೆಗಳನ್ನು ಕಾರಿನ ಕೀಲಿಯಿಂದ ಒತ್ತಿ ನೋಡಿ. ಕೀಲಿ ಒಳಗೆ ಇಳಿದರೆ ಮರ ಲಡ್ಡಾಗಿದೆ.

ಕ್ಯಾನ್ವಾಸ್ ಚೆನ್ನಾಗಿದ್ದೂ ಪೆಟ್ಟು ತಿನ್ನುವವರು ತಿನ್ನುವುದು ತೂಕದಲ್ಲಿ. ಬ್ರೇಕ್ ಇಲ್ಲದ ಟ್ರೇಲರಿನ ತುಂಬಿದ ತೂಕ 750 ಕಿಲೋ ಅಥವಾ ಕಾರಿನ ಕರ್ಬ್ ತೂಕದ (ಜನ, ಸಾಮಾನು ಇಲ್ಲದ ಕಾರಿನ ತೂಕದ) ಅರ್ಧ, ಎರಡರಲ್ಲಿ ಕಡಿಮೆಯದ್ದನ್ನು ಮೀರುವಂತಿಲ್ಲ. ಕಾರು 1,150 ಕಿಲೋ ಇದ್ದರೆ ಮಿತಿ 575. ಕಾರು ತಯಾರಕರ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಕೊನೆ. ಕಾರಿನ ನೋಂದಣಿ ಪತ್ರವಾದ ವಿ5ಸಿ ದಾಖಲೆಯಲ್ಲಿ ಓ.1 ಎಂಬಲ್ಲಿ ಬ್ರೇಕ್ ಇರುವ ಟ್ರೇಲರಿನ ಮಿತಿ, ಓ.2 ಎಂಬಲ್ಲಿ ಬ್ರೇಕ್ ಇಲ್ಲದ್ದರ ಮಿತಿ ಇರುತ್ತದೆ. ಖಾಲಿ ಇದ್ದರೆ ಕಾರಿನ ವಿಐಎನ್ (ವಾಹನ ಗುರುತಿನ ಸಂಖ್ಯೆ) ಫಲಕ ನೋಡಿ: ಎರಡನೇ ಸಾಲಿನಲ್ಲಿ ಕಾರು ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕ, ಮೊದಲ ಸಾಲಿನಲ್ಲಿ ಕಾರಿನದು. ಕಳೆದರೆ ಉಳಿಯುವುದು ಎಳೆಯಬಹುದಾದ ತೂಕ. ಅಲ್ಲಿ ಸೇರಿದ ತೂಕವೇ ಇಲ್ಲದಿದ್ದರೆ ಆ ಕಾರು ಏನನ್ನೂ ಎಳೆಯುವಂತಿಲ್ಲವೆಂದೇ ತಿಳಿಯಿರಿ. ಹಲವು ಹೈಬ್ರಿಡ್ ಕಾರುಗಳ ಪಾಡು ಇದೇ. ಟ್ರೇಲರ್ ಕೊಂಡು ಮನೆಗೆ ತಂದ ಮೇಲೆ ಇದು ತಿಳಿದರೆ ಅದಕ್ಕಿಂತ ಪೇಚು ಇನ್ನೊಂದಿಲ್ಲ.

ಜಾಹೀರಾತಿನಲ್ಲಿ ಬರೆಯುವ ತೂಕ ಖಾಲಿಯದು. ಆನಿಂಗ್, ಕಂಬ, ಒಲೆ, ಗ್ಯಾಸ್, ಕುರ್ಚಿ, ಹೊದಿಕೆ, ಐದು ಕಿಲೋ ಅಕ್ಕಿ, ಕುಕ್ಕರ್ ಎಂದು ಸೇರಿಸುತ್ತ ಹೋದರೆ ನೂರೈವತ್ತು ಕಿಲೋ ದಾಟಿದ್ದೇ ಗೊತ್ತಾಗುವುದಿಲ್ಲ. ಮುಚ್ಚಳದ ಮೇಲೆ ಸೈಕಲ್ ಬೇರೆ. ಭಾರವೆಲ್ಲ ಗಾಲಿಗಳ ನಡುವಿನ ಆಕ್ಸಲ್‌ನ ಮೇಲೆ ಬರುವಂತೆ ತುಂಬಿ. ಮೂತಿಯ ಭಾರ (ಟ್ರೇಲರಿನ ಮುಂಭಾಗ ಕಾರಿನ ಕೊಂಡಿಯ ಮೇಲೆ ಒತ್ತುವ ಭಾರ) ತುಂಬಿದ ತೂಕದ ನೂರಕ್ಕೆ ಐದರಿಂದ ಏಳರಷ್ಟಿರಲಿ, ಆ ಕೊಂಡಿಯ, ಅಂದರೆ ಟೋಬಾರಿನ, ಮಿತಿಯೊಳಗಿರಲಿ. ಟ್ರೇಲರಿನ ಮುಂದಿನ ಹಿಚ್‌ನ ಕೆಳಗೆ ಮರದ ತುಂಡು ನಿಲ್ಲಿಸಿ ಮನೆಯ ತೂಕದ ಯಂತ್ರದ ಮೇಲೆ ಇಟ್ಟರೆ ಗೊತ್ತಾಗುತ್ತದೆ. ಹಿಂಭಾಗ ಭಾರವಾದರೆ ಟ್ರೇಲರ್ ಹಾವಿನಂತೆ ಹೊರಳುತ್ತದೆ. ಆಗ ಬ್ರೇಕ್ ತುಳಿಯಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗ್ ನೆಟ್ಟಗೆ ಹಿಡಿಯಬೇಕು. ಬ್ರೇಕ್ ಅಳವಡಿಸಿದ ಟ್ರೇಲರ್ ಎಷ್ಟೇ ಹಗುರವಾಗಿರಲಿ, ಆ ಬ್ರೇಕ್ ಕೆಲಸ ಮಾಡಲೇಬೇಕು. ತುಕ್ಕು ಹಿಡಿದು ಕಚ್ಚಿಕೊಂಡ ಬ್ರೇಕ್ ಕಾನೂನಿನ ಕಣ್ಣಿಗೆ ಇಲ್ಲದ ಬ್ರೇಕ್‌ಗಿಂತ ಕೆಟ್ಟದ್ದು. ವೇಗ ಮಿತಿ ಮೋಟಾರುದಾರಿಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 50. ಲೈಸೆನ್ಸಿನ ಹಳೆಯ ಭಯ ಮಾತ್ರ ಈಗ ಬೇಡ: 1997ರ ನಂತರ ಕಾರು ಪರೀಕ್ಷೆ ಪಾಸಾದವರೂ 2021ರ ಡಿಸೆಂಬರ್ 16ರಿಂದ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು.

"ಹತ್ತು ನಿಮಿಷದಲ್ಲಿ ಸಿದ್ಧ" ಎಂಬುದು ಹಾಸಿಗೆಯ ಭಾಗಕ್ಕೆ ನಿಜ. ಆನಿಂಗ್ ಸೇರಿದರೆ ಹೊಸಬರಿಗೆ ಒಂದೂವರೆ ಗಂಟೆ. ಗಾಳಿ ಇದ್ದರೆ ಇಬ್ಬರು ದೊಡ್ಡವರು ಬೇಕೇ ಬೇಕು. ಸೈಟ್ ಬುಕ್ ಮಾಡುವಾಗ ಟ್ರೇಲರ್ ಟೆಂಟ್ ಎಂದೇ ಹೇಳಿ, ಅಳತೆಯನ್ನೂ ಕೊಡಿ. ಕೆಲವರು ಇದನ್ನು ಕ್ಯಾರವಾನ್ ಎಂದು ಲೆಕ್ಕ ಹಿಡಿಯುತ್ತಾರೆ, ಟೆಂಟಿನ ಹುಲ್ಲುಗಾವಲಿಗೆ ಬಿಡುವುದಿಲ್ಲ. ಸೈಟಿನ ವಿದ್ಯುತ್ 10 ಆಂಪಿಯರ್ ಇದ್ದರೆ ಒಟ್ಟು 2,300 ವ್ಯಾಟ್ ಅಷ್ಟೇ. ಇಂಡಕ್ಷನ್ ಒಲೆಯ ಮೇಲೆ ಅನ್ನಕ್ಕಿಟ್ಟು ಹೀಟರ್ ಹಾಕಿದರೆ ಕತ್ತಲೆ.

ಒಲೆಯ ವಿಷಯದಲ್ಲಿ ತಮಾಷೆ ಇಲ್ಲ. ಚಳಿ ಎಂದು ಬಾರ್ಬೆಕ್ಯೂ ತಟ್ಟೆಯನ್ನು ಆನಿಂಗ್ ಒಳಗೆ ತರಬೇಡಿ. ಕೆಂಡ ಬೂದಿಯಾದಂತೆ ಕಂಡರೂ ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬ್ಯಾಟರಿ ಅಲಾರಂ ಒಂದು ಇಟ್ಟುಕೊಳ್ಳಿ, ಆದರೆ ಅಲಾರಂ ಇದೆಯೆಂದು ಕೆಂಡ ಒಳಗೆ ತರುವುದಲ್ಲ. ಹಳೆಯ ಟ್ರೇಲರಿನ ಜೊತೆ ಬಂದ ಗ್ಯಾಸ್ ಪೈಪಿನ ಮೇಲೆ ತಯಾರಿಯ ದಿನಾಂಕ ಅಚ್ಚಾಗಿರುತ್ತದೆ. ಅದನ್ನು ಓದುವುದಕ್ಕಿಂತ ಕಿತ್ತೆಸೆದು ಹೊಸದು ಹಾಕುವುದು ವಾಸಿ.

ಕೊನೆಗೆ, ಕೊಳ್ಳುವ ಮೊದಲು ನಿಮ್ಮ ಹಿತ್ತಲನ್ನು ಅಳೆಯಿರಿ. ಹೊಸ ಬಡಾವಣೆಗಳ ಹಲವು ಮನೆಪತ್ರಗಳಲ್ಲಿ ಮುಂದಿನ ಜಾಗದಲ್ಲಿ ಕ್ಯಾರವಾನ್, ಟ್ರೇಲರ್ ನಿಲ್ಲಿಸಬಾರದೆಂಬ ಷರತ್ತು ಇರುತ್ತದೆ. ಅದಕ್ಕಿಂತ ಮುಖ್ಯ, ರಜೆಯ ಕೊನೆಯ ದಿನ ಮಳೆ ಬಂದೇ ಬರುತ್ತದೆ. ಒದ್ದೆ ಕ್ಯಾನ್ವಾಸನ್ನು ಮಡಚಿ ತಂದ ಮೇಲೆ ಮರುದಿನವೇ ಮತ್ತೆ ಪೂರ್ತಿ ಬಿಚ್ಚಿ ಒಣಗಿಸಲು ಜಾಗ ಬೇಕು, ಸೋಮವಾರ ಆಫೀಸಿದ್ದರೂ. ಆ ಜಾಗವಿಲ್ಲದ ಸಾಲುಮನೆಯವರು ಟ್ರೇಲರಿನ ಆಸೆ ಬಿಟ್ಟು, ಸ್ನಾನದ ಮನೆಯಲ್ಲೇ ನೇತುಹಾಕಿ ಒಣಗಿಸಬಹುದಾದ ಪಾಲಿಯೆಸ್ಟರ್ ಟೆಂಟ್ ಕೊಳ್ಳಲಿ.