ಆರು ವರ್ಷ ಎಳೆ ನೋಡಿದ ಪೋಲರೈಸಿಂಗ್ ಮೈಕ್ರೋಸ್ಕೋಪ್

ನಮ್ಮ ಕಾಲೇಜಿನ ವಿಧಿವಿಜ್ಞಾನ ವಿಭಾಗಕ್ಕೆ ಈ ಪೋಲರೈಸಿಂಗ್ ಮೈಕ್ರೋಸ್ಕೋಪ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ ವಸ್ತುವನ್ನು ತೋರಿಸುವ ಸೂಕ್ಷ್ಮದರ್ಶಕ) ಬಂದು ಆರು ವರ್ಷವಾಯಿತು. ಬಟ್ಟೆಯ ಎಳೆ ಗುರುತಿಸುವ ಪ್ರಾಕ್ಟಿಕಲ್ ಎಲ್ಲವೂ ಇದರ ಮೇಲೆಯೇ.

ಮೊದಲು ನಮಗಿದ್ದದ್ದು ಸುಟ್ಟು ನೋಡುವ ಪರೀಕ್ಷೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೇ ಉಣ್ಣೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಆದರೆ ರೇಯಾನ್ ಕೂಡ ಕಾಗದದ ಹಾಗೇ ಉರಿಯುತ್ತದೆ, ಎರಡೂ ಸೆಲ್ಯುಲೋಸ್. ಅದೂ ಇರಲಿ, ಉಗುರಿನಡಿ ಸಿಕ್ಕಿದ್ದು ಒಂದೇ ಎಳೆಯಾದರೆ, ಅದನ್ನು ಸುಟ್ಟ ಮೇಲೆ ಕೋರ್ಟಿಗೆ ತೋರಿಸಲು ಏನು ಉಳಿಯಿತು?

ಪ್ರತಿ ವರ್ಷ ಮೊದಲ ಪಾಠಕ್ಕೆ ಅಮ್ಮನ ಹಳೆಯ ಇಳಕಲ್ ಸೀರೆಯ ತುಂಡು ಒಯ್ಯುತ್ತೇನೆ. ಒಡಲು ಹತ್ತಿ, ಸೆರಗು ಕೃತಕ ರೇಷ್ಮೆ, ಅಂದರೆ ರೇಯಾನ್. ಅನಲೈಸರ್, ಅಂದರೆ ಎಳೆಯ ಮೇಲ್ಗಡೆಯ ಎರಡನೇ ಪೋಲರೈಸಿಂಗ್ ಫಿಲ್ಟರ್, ಒಳಗೆ ತಳ್ಳಿ ಸ್ಲೈಡ್ ಇಡುವ ಸ್ಟೇಜ್ ತಿರುಗಿಸಿದರೆ ಸೆರಗಿನ ಎಳೆ 90 ಡಿಗ್ರಿಗೊಮ್ಮೆ ಪೂರ್ತಿ ಕತ್ತಲಾಗುತ್ತದೆ. ತಿರುಚಿದ ರಿಬ್ಬನ್ನಿನಂಥ ಹತ್ತಿ ಮಾತ್ರ ಎಷ್ಟು ತಿರುಗಿಸಿದರೂ ಪೂರ್ತಿ ಕಪ್ಪಾಗುವುದಿಲ್ಲ. ಅದರ ಗೋಡೆಯೊಳಗೆ ಸೆಲ್ಯುಲೋಸ್ ಸುರುಳಿ ಸುತ್ತಿಕೊಂಡಿರುವುದೇ ಕಾರಣ. ಇದನ್ನು ಕಂಡ ಮಕ್ಕಳ ಮುಖ ನೋಡುವುದೇ ನನಗೆ ಸಂತೋಷ.

ದೂರುಗಳೂ ಇವೆ. 40x ಅಬ್ಜೆಕ್ಟಿವ್‌ನಲ್ಲಿ ಸ್ಟೇಜಿನ ಕೇಂದ್ರ ತಪ್ಪುತ್ತದೆ. ತಿರುಗಿಸಿದೊಡನೆ ಎಳೆ ಕಣ್ಣಿಂದ ಮಾಯ. ವಾರಕ್ಕೊಮ್ಮೆ ಸ್ಕ್ರೂ ಹೊಂದಿಸಲೇಬೇಕು. ಮೂರನೇ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಿತು, ಸರ್ವಿಸ್‌ನವರು ಬರಲು ಎರಡು ತಿಂಗಳಾಯಿತು. ಅಂದಿನಿಂದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ತಪ್ಪಿಸಿಲ್ಲ.

ಒಂದು ಮಾತು ಸ್ಪಷ್ಟವಿರಲಿ. ಇದು ಎಳೆಯ ಜಾತಿ ಹೇಳುತ್ತದೆ, ಯಾವ ಬಟ್ಟೆಯದೆಂದು ಹೇಳುವುದಿಲ್ಲ. ಎರಡು ಎಳೆಗಳನ್ನು ಒಂದೇ ನೋಟದಲ್ಲಿ ಅಕ್ಕಪಕ್ಕ ಹೋಲಿಸಲು ಕಂಪ್ಯಾರಿಸನ್ ಮೈಕ್ರೋಸ್ಕೋಪ್ ಬೇಕು, ಬಣ್ಣವನ್ನು ಅಳೆದು ಹೋಲಿಸಲು ಮೈಕ್ರೋಸ್ಪೆಕ್ಟ್ರೋಫೋಟೋಮೀಟರ್ ಬೇಕು. ಅಷ್ಟಿದ್ದರೂ ಜೀನ್ಸಿನ ನೀಲಿ ಹತ್ತಿ ಎಳೆ ಹೊಂದಿತೆಂದರೆ ಹೆಚ್ಚೇನೂ ಸಾಬೀತಾಗದು, ಅದು ಎಲ್ಲೆಲ್ಲೂ ಇದೆ. 1982ರಲ್ಲಿ ಅಟ್ಲಾಂಟಾದ ವೇಯ್ನ್ ವಿಲಿಯಮ್ಸ್ ಕೊಲೆ ಮೊಕದ್ದಮೆಯಲ್ಲಿ ಹಸಿರು ಕಾರ್ಪೆಟ್ಟಿನ ನೈಲಾನ್ ಎಳೆಗೆ ಅಷ್ಟು ತೂಕ ಬಂದದ್ದು ಅದರ ಅಪರೂಪದ, ಮೂರು ಎಸಳಿನಂಥ ಅಡ್ಡಕೊಯ್ತದಿಂದ. ಈ ವ್ಯತ್ಯಾಸವನ್ನು ಪ್ರತಿ ಬ್ಯಾಚಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ನಾಳೆ ಇವರ ವರದಿಯ ಮೇಲೆ ಒಬ್ಬರ ಬದುಕು ನಿಂತಿರುತ್ತದೆ.

ಕೊಳ್ಳುವವರು ಫಸ್ಟ್ ಆರ್ಡರ್ ರೆಡ್ ಪ್ಲೇಟ್ (ಬೆಳಕಿನ ದಾರಿಯಲ್ಲಿ ತೂರಿಸಿ ಎಳೆಯ ಬಣ್ಣ ಬದಲಾಗುವುದನ್ನು ನೋಡುವ ತಟ್ಟೆ) ಜೊತೆಗೆ ಬರುತ್ತದೆಯೇ ಎಂದು ಮೊದಲೇ ಕೇಳಿ. ನಾವು ಬೇರೆಯಾಗಿ ತರಿಸಿಕೊಳ್ಳಬೇಕಾಯಿತು. ಮಂಕು ಬೂದಿ ಬಣ್ಣಕ್ಕೆ ಕಾಣುವ ಅಕ್ರಿಲಿಕ್ ಎಳೆಯ ಚಿಹ್ನೆ ಋಣವೆಂದು, ಅಂದರೆ ಅದರ ವಕ್ರೀಭವನಾಂಕ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚೆಂದು, ತೋರಿಸಲು ಅದು ಬೇಕೇ ಬೇಕು.